ಸನ್ನದು ದೊರೆತ ಮೇಲೂ ಓದು

ಹತ್ತಿಕುಣಿಯಂಥ ಗ್ರಾಮದಿಂದ ಯಾದಗಿರಿಯ ನ್ಯಾಯಾಲಯಕ್ಕೆ ಹೋಗಿ, ಹಿರಿಯ ವಕೀಲರ ಕೈಕೆಳಗೆ ಕೆಲಸ ಕಲಿಯುವ ತರುಣ ತರುಣಿಯರನ್ನು ಮನೆಯವರು ಮೊದಲು ಕೇಳುವ ಮಾತು, ‘ಕರಿಕೋಟು ಬಂತು, ಗಳಿಕೆ ಎಷ್ಟು?’ ಎಂಬುದು. ಆದರೆ ಅವರ ವಿದ್ಯಾರ್ಥಿದೆಸೆ ಆಗ ಮುಗಿದಿರುವುದಿಲ್ಲ.

ಸನ್ನದು ಪಡೆದವರು ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿತು. ಅದಕ್ಕೆ ಮೊದಲಿನ ಅಪರಾಧಗಳಿಗೆ ಹಳೆಯ ದಂಡಸಂಹಿತೆಯೇ ಅನ್ವಯಿಸುವುದರಿಂದ ಎರಡನ್ನೂ ಓದಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿ ಅನುಭವ ಅಗತ್ಯವೆಂದು 2025ರ ಮೇ 20ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಪುಸ್ತಕವೊಂದರಿಂದಲೇ ನ್ಯಾಯಜ್ಞಾನ ಬಾರದೆಂಬುದೇ ಅದರ ತಿರುಳು.

ವಕೀಲಿ ಮಾಡುತ್ತಲೇ ಪೂರ್ಣಾವಧಿ ಸಂಬಳದ ನೌಕರಿ ಹಿಡಿಯಲು ವೃತ್ತಿನಿಯಮ ಅಡ್ಡಬರುತ್ತದೆ. ಗ್ರಾಮಾಂತರದ ಕಿರಿಯ ವಕೀಲರಿಗೆ ತಿಂಗಳಿಗೆ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಹೇಳಿದ್ದು ಸಲಹೆಯೇ ಹೊರತು ಕಟ್ಟಳೆಯಲ್ಲ. ಆದ್ದರಿಂದ ಭಾರವು ಮನೆತನದ ಮೇಲೆಯೇ ಬೀಳುತ್ತದೆ.

ಕೆಲಸ, ಓದು ಎರಡನ್ನೂ ಸರಿದೂಗಿಸುವ ದಾರಿಯೊಂದಿದೆ. ಹಗಲು ಕಡತದಲ್ಲಿ ಕಂಡ ಕಲಮನ್ನು ಅಂದಿನ ರಾತ್ರಿಯೇ ಮೂಲ ಕಾಯಿದೆಯಲ್ಲಿ ಓದಿ, ಟಿಪ್ಪಣಿ ಬರೆದಿಡುವುದು. ಆಗ ಕಾಯಕವೇ ಅಧ್ಯಯನವಾಗುತ್ತದೆ.

ಹಿರಿಯರಾದ ನಾವು ಮಾಡಬೇಕಾದುದೂ ಇದೆ. ಪುಸ್ತಕ ಮತ್ತು ಬಸ್ಸಿನ ಖರ್ಚನ್ನು ಮೂರು ವರ್ಷಗಳಿಗೆ ಮೊದಲೇ ಲೆಕ್ಕಹಾಕಿ ತೆಗೆದಿಡೋಣ. ಸುಗ್ಗಿಯ ಕೆಲಸಕ್ಕೆ ಕರೆಯುವ ಮುನ್ನ ಪರೀಕ್ಷೆಯ ದಿನಾಂಕ ಕೇಳೋಣ. ಮಗಳು ವಕೀಲೆಯಾಗಿದ್ದರೆ ಸಂಜೆಯ ಅಡುಗೆಮನೆಯಿಂದ ಅವಳಿಗೆ ಬಿಡುವು ಕೊಡೋಣ.