ಮಳೆಯೂರಿನಲ್ಲಿ ನಿಂತಿರುವ ಮಹಾರಾಜ!

ಐರ್ಲೆಂಡಿನ ಕಾರ್ಕ್‌ನಿಂದ ಗಾಲ್ವೇಗೆ ಕಾರಿನಲ್ಲಿ ಹೊರಟರೆ ಸುಮಾರು 200 ಕಿಲೋಮೀಟರ್ ದಾರಿ. ಸರಿಯಾಗಿ ಅರ್ಧದಲ್ಲಿ ಸಿಗೋ ನಗರ ಲಿಮರಿಕ್. ಅಲ್ಲಿಯ ಮಳೆ ಧೋ ಎಂದು ಸುರಿದು ಸುಮ್ಮನಾಗುವಂಥದ್ದಲ್ಲ. ಅಟ್ಲಾಂಟಿಕ್ ಸಾಗರದಿಂದ ಬರುವ ಮೋಡಗಳು ಬೇಸಿಗೆ, ಚಳಿ ಅನ್ನದೆ ಜಿಟಿಜಿಟಿ ಹನಿಸುತ್ತವೆ. ಗಾಡಿ ನಿಲ್ಲಿಸಿ ಇಳಿದರೆ ತುಂಬಿ ಹರಿಯೋ ಶಾನನ್ ನದಿ, ದಡದಲ್ಲಿ 800 ವರ್ಷದ ಕಿಂಗ್ ಜಾನ್ ಕೋಟೆ... ಅದೆಲ್ಲ ಇರಲಿ ಬಿಡಿ. ಸಿನಿಮಾ ಹುಚ್ಚಿನವರು ಕೊಡೆ ಬಿಚ್ಚಿ ನಡೆಯಬೇಕಾದದ್ದು ಬೆಡ್‌ಫರ್ಡ್ ರೋ ಬೀದಿಗೆ!

ಅಲ್ಲಿ ಮಳೆಯಲ್ಲಿ ನೆನೀತಾ ನಿಂತಿದ್ದಾನೆ ಒಬ್ಬ ರಾಜ. 1967ರ 'ಕ್ಯಾಮೆಲಾಟ್' ಚಿತ್ರದ ಕಿಂಗ್ ಆರ್ಥರ್ ವೇಷದಲ್ಲಿ ರಿಚರ್ಡ್ ಹ್ಯಾರಿಸ್! ಯಾರಪ್ಪಾ ಇವನು ಅಂತೀರಾ? 'ಹ್ಯಾರಿ ಪಾಟರ್' ಸರಣಿಯ ಮೊದಲೆರಡು ಚಿತ್ರಗಳಲ್ಲಿ ಬಿಳಿಗಡ್ಡದ ಡಂಬಲ್‌ಡೋರ್ ಆಗಿದ್ದವನು. 'ಗ್ಲ್ಯಾಡಿಯೇಟರ್'ನಲ್ಲಿ ಮುದಿ ಚಕ್ರವರ್ತಿಯಾಗಿದ್ದವನೂ ಇವನೇ.

1930ರ ಅಕ್ಟೋಬರ್ 1ರಂದು ಇದೇ ಊರಲ್ಲಿ ಹುಟ್ಟಿದ ಹ್ಯಾರಿಸ್‌ಗೆ ನಟನಾಗೋ ಆಸೆ ಇತ್ತೇ? ಊಹೂಂ! ಅವನ ಉಸಿರೆಲ್ಲ ರಗ್ಬಿ. ಲಿಮರಿಕ್ ಮಂದಿಗೆ ಆ ಆಟ ಅಂದ್ರೆ ಪ್ರಾಣ. 1978ರಲ್ಲಿ ಇಲ್ಲಿನ ಥೋಮಂಡ್ ಪಾರ್ಕ್ ಮೈದಾನದಲ್ಲಿ ಮನ್‌ಸ್ಟರ್ ತಂಡ ನ್ಯೂಜಿಲೆಂಡಿನ ಹುಲಿಗಳನ್ನು 12-0ರಿಂದ ಮಣ್ಣು ಮುಕ್ಕಿಸಿದ್ದನ್ನು ಇವತ್ತಿಗೂ ಕಥೆ ಕಟ್ಟಿ ಹೇಳ್ತಾರೆ. ಹ್ಯಾರಿಸ್ ಕೂಡ ಅಂಥ ಕೆಸರಿನಲ್ಲೇ ಬಿದ್ದೆದ್ದು ಬೆಳೆದವನು.

ಆದರೆ ವಿಧಿ! ಮೀಸೆ ಚಿಗುರುವ ಪ್ರಾಯದಲ್ಲಿ ಕ್ಷಯರೋಗ ಬಂದು ಅಮರಿಕೊಂಡಿತು. ಆಜಾನುಬಾಹು ಹುಡುಗ ಹಾಸಿಗೆ ಹಿಡಿದ. ರಗ್ಬಿ ಕನಸು ಅಲ್ಲಿಗೆ ಖಲಾಸ್. ಎದ್ದ ಮೇಲೆ ಏನು ಮಾಡಿದ ಗೊತ್ತೇನ್ರೀ? ಲಂಡನ್ನಿಗೆ ಹೋಗಿ ನಾಟಕಶಾಲೆ ಸೇರಿದ.

1963ರಲ್ಲಿ ಲಿಂಡ್ಸೆ ಆಂಡರ್ಸನ್ ನಿರ್ದೇಶನದ 'ದಿಸ್ ಸ್ಪೋರ್ಟಿಂಗ್ ಲೈಫ್' ತೆರೆಗೆ ಬಂತು. ಹ್ಯಾರಿಸ್‌ನ ಪಾತ್ರ? ರಗ್ಬಿ ಆಟಗಾರನದೇ! ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಒಲಿಯಿತು. ಆಸ್ಕರ್‌ಗೂ ಹೆಸರು ಹೋಯಿತು. ಮೈದಾನ ಕಿತ್ತುಕೊಂಡದ್ದನ್ನು ಬೆಳ್ಳಿತೆರೆ ಬಡ್ಡಿ ಸಮೇತ ಹಿಂದಿರುಗಿಸಿತ್ತು!

ಮಳೆ ನಿಂತರೆ ಗಾಲ್ವೇ ದಾಟಿ ಲೀನಾನ್ ಎಂಬ ಹಳ್ಳಿಯವರೆಗೂ ಹೋಗಿಬನ್ನಿ. 1990ರ 'ದಿ ಫೀಲ್ಡ್' ಚಿತ್ರೀಕರಣವಾದದ್ದು ಅಲ್ಲೇ. ಗುತ್ತಿಗೆ ಹೊಲಕ್ಕಾಗಿ ಎಲ್ಲವನ್ನೂ ಕಳಕೊಳ್ಳುವ ಮುದುಕನ ಪಾತ್ರಕ್ಕೆ ಹ್ಯಾರಿಸ್ ಮತ್ತೊಮ್ಮೆ ಆಸ್ಕರ್ ಬಾಗಿಲು ತಟ್ಟಿದ. ಬಾಗಿಲು ತೆರೆಯಲಿಲ್ಲ. 2002ರಲ್ಲಿ ಕಣ್ಮುಚ್ಚಿದ.

ಆಸ್ಕರ್ ಸಿಗದಿದ್ದರೇನಂತೆ? ಮೊದಲ ಕನಸು ಮುರಿದಾಗ ಮನೆಮೂಲೆ ಸೇರದೆ ಎದ್ದು ನಡೆದವನಿಗೆ ಊರೇ ಸಿಂಹಾಸನ ಕೊಟ್ಟಿದೆ!