ಹಳೆಯ ಧ್ವನಿವರ್ಧಕಗಳ ಜೀರ್ಣೋದ್ಧಾರ: ಧಾರಕಗಳ ಬದಲಾವಣೆಯೂ ಚಾರಿತ್ರಿಕ ಸಾಕ್ಷ್ಯವೂ

ಜೀರ್ಣೋದ್ಧಾರವೆಂದೊಡನೆ ನಮ್ಮ ಮನಸ್ಸು ದೇವಾಲಯಗಳ ಕಡೆಗೋ ತಾಳೆಯೋಲೆಯ ಗ್ರಂಥಗಳ ಕಡೆಗೋ ಹರಿಯುವುದು ಸಹಜ. ಆದರೆ ಇಪ್ಪತ್ತನೆಯ ಶತಮಾನವು ಬಿಟ್ಟುಹೋಗಿರುವ ಅವಶೇಷಗಳಲ್ಲಿ ಯಂತ್ರಗಳೂ ಸೇರಿವೆ. ಐವತ್ತು ಅರವತ್ತು ವರ್ಷಗಳ ಹಿಂದೆ ತಯಾರಾದ ಧ್ವನಿವರ್ಧಕದಲ್ಲಿ ಅದೇ ಕಾಲದ ಧ್ವನಿಮುದ್ರಿಕೆಯನ್ನು ಕೇಳುವವನು, ಅಂದಿನವರು ಕೇಳಿದ ನಾದವನ್ನೇ ತಾನೂ ಕೇಳುತ್ತಿರುವೆನೆಂದು ಭಾವಿಸುತ್ತಾನೆ. ಈ ಭಾವನೆ ಎಷ್ಟರಮಟ್ಟಿಗೆ ಸಾಧುವಾದುದು? ಧ್ವನಿವರ್ಧಕದ ಒಳಗಿರುವ ಧಾರಕ, ಅಂದರೆ ಕೆಪಾಸಿಟರ್, ಎಂಬ ಸಣ್ಣ ಭಾಗವನ್ನು ಪರಿಶೀಲಿಸಿದರೆ ಈ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ದೊರೆಯುತ್ತದೆ.

1

ಅತಿ ಮಂದ್ರವಾದ ನಾದವನ್ನೂ ಅತಿ ತಾರವಾದ ನಾದವನ್ನೂ ಒಂದೇ ಪೊರೆಯು ಸಮರ್ಪಕವಾಗಿ ಹೊರಡಿಸುವುದು ಕಷ್ಟ. ಆದುದರಿಂದ ಉತ್ತಮ ಧ್ವನಿವರ್ಧಕಗಳಲ್ಲಿ ಮಂದ್ರಕ್ಕೆ ವೂಫರ್, ತಾರಕ್ಕೆ ಟ್ವೀಟರ್, ಕೆಲವದರಲ್ಲಿ ಮಧ್ಯಮಕ್ಕೆ ಮತ್ತೊಂದು ಘಟಕ, ಹೀಗೆ ಬೇರೆ ಬೇರೆ ಘಟಕಗಳಿರುತ್ತವೆ. ಬರುವ ವಿದ್ಯುತ್ ಸಂಕೇತವನ್ನು ಇವುಗಳಿಗೆ ಹಂಚಿಕೊಡುವುದು ಕ್ರಾಸೋವರ್ ಜಾಲದ ಕೆಲಸ. ತಂತಿಯ ಸುರುಳಿಗಳು, ರೋಧಕಗಳು ಮತ್ತು ಧಾರಕಗಳು ಈ ಜಾಲದ ಅಂಗಗಳು.

ಧಾರಕದ ಗುಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 50 ಮೈಕ್ರೋಫ್ಯಾರಡ್ ಮೌಲ್ಯದ ಧಾರಕವು 50 ಹರ್ಟ್ಸ್ ಕಂಪನಾಂಕದ ವಿದ್ಯುತ್ತಿಗೆ ಸುಮಾರು 64 ಓಮ್‌ಗಳಷ್ಟು ಅಡ್ಡಿಯನ್ನು ಒಡ್ಡುತ್ತದೆ. 500 ಹರ್ಟ್ಸ್‌ಗೆ 6.4 ಓಮ್, 5,000 ಹರ್ಟ್ಸ್‌ಗೆ 0.64 ಓಮ್ ಮಾತ್ರ. ಮಂದ್ರವನ್ನು ತಡೆದು ತಾರವನ್ನು ಬಿಡುವ ದ್ವಾರಪಾಲಕನ ಕೆಲಸ ಇದರದು. ದ್ವಾರವು ಎಲ್ಲಿ ತೆರೆಯಬೇಕೆಂಬುದು ಧಾರಕದ ಮೌಲ್ಯವನ್ನೂ, ಅದು ಸೇರಿಕೊಂಡಿರುವ ಘಟಕದ ಗುಣವನ್ನೂ ಅವಲಂಬಿಸಿದೆ.

2

ಅಮೆರಿಕದ ಒಂದು ಧ್ವನಿವರ್ಧಕವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಎಂಬವರು 1954ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ನಗರದಲ್ಲಿ ಅಕೂಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದರಿಂದ 1958ರಲ್ಲಿ ಎ.ಆರ್.-3 ಎಂಬ ಧ್ವನಿವರ್ಧಕವೂ 1967ರಲ್ಲಿ ಎ.ಆರ್.-3ಎ ಎಂಬುದೂ ಹೊರಬಂದುವು. ಎರಡನೆಯದರಲ್ಲಿ ಮೂರು ಘಟಕಗಳಿದ್ದು, 575 ಹರ್ಟ್ಸ್ ಮತ್ತು 5,000 ಹರ್ಟ್ಸ್‌ಗಳಲ್ಲಿ ಸಂಕೇತವು ವಿಭಾಗವಾಗುತ್ತದೆ. ಜಾಲದಲ್ಲಿ 150, 50 ಮತ್ತು 6 ಮೈಕ್ರೋಫ್ಯಾರಡ್‌ಗಳ ಮೂರು ಧಾರಕಗಳಿವೆ. ಮೊದಲನೆಯದು ವೂಫರಿಗೆ ಸಮಾನಾಂತರವಾಗಿ ಸೇರಿ, ಅದಕ್ಕೆ ಬೇಡವಾದ ತಾರನಾದವನ್ನು ಪಕ್ಕಕ್ಕೆ ಹರಿಸಿಬಿಡುತ್ತದೆ. ಉಳಿದೆರಡು ಮಧ್ಯಮ ಘಟಕಕ್ಕೂ ಟ್ವೀಟರಿಗೂ ಸರಣಿಯಲ್ಲಿ ಸೇರಿವೆ.

ಈ ಸಂಸ್ಥೆಯ ಧ್ಯೇಯವೇನಾಗಿದ್ದಿತೆಂಬುದಕ್ಕೆ ಸ್ಪಷ್ಟವಾದ ಆಧಾರವಿದೆ. 1960ರ ಆಸುಪಾಸಿನಲ್ಲಿ ಅದು ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ತಂತಿವಾದ್ಯ ತಂಡದೊಡನೆ ಸಾರ್ವಜನಿಕ ಪ್ರಯೋಗಗಳನ್ನು ಏರ್ಪಡಿಸಿತು. ವಾದಕರು ನುಡಿಸುತ್ತಿರುವಾಗಲೇ ನಡುನಡುವೆ ಅವರ ವಾದನದ ಬದಲು ಎ.ಆರ್.-3ರ ಮೂಲಕ ಧ್ವನಿಮುದ್ರಣವನ್ನು ಕೇಳಿಸಿ, ಸಭಿಕರು ಭೇದವನ್ನು ಗುರುತಿಸಬಲ್ಲರೇ ಎಂದು ನೋಡಲಾಗುತ್ತಿದ್ದಿತು. ನಿರ್ಮಾಪಕರು ಬಯಸಿದ್ದು ನೈಜ ವಾದನದ ಸಾಮ್ಯವನ್ನೇ ಹೊರತು ಒಂದು ವಿಶೇಷವಾದ ಮಾರ್ದವವನ್ನಲ್ಲ. ಇಂದು ಹಳೆಯ ಪೆಟ್ಟಿಗೆಗಳಿಂದ ಹೊಮ್ಮುವ ಮಬ್ಬಾದ ನಾದವನ್ನು ‘ಆ ಕಾಲದ ಸೊಗಸು’ ಎಂದು ಹೊಗಳುವವರು ಇದನ್ನು ಗಮನಿಸಬೇಕು.

3

ಆ ಮಬ್ಬು ಎಲ್ಲಿಂದ ಬಂದಿತು? ಇಂತಹ ಜಾಲಗಳಲ್ಲಿ ದೊಡ್ಡ ಮೌಲ್ಯದ ಧಾರಕಗಳು ಸಾಮಾನ್ಯವಾಗಿ ಎಲೆಕ್ಟ್ರೊಲಿಟಿಕ್ ಜಾತಿಯವು. ಅಲ್ಯೂಮಿನಿಯಂ ಹಾಳೆಗಳ ಮೇಲೆ ಅತಿ ತೆಳುವಾದ ಆಕ್ಸೈಡ್ ಲೇಪ, ನಡುವೆ ದ್ರವದಲ್ಲಿ ತೊಯ್ದ ಕಾಗದ, ಇದು ಅವುಗಳ ರಚನೆ. ವರ್ಷಗಳು ಕಳೆದಂತೆ ದ್ರವವು ಒಣಗುತ್ತದೆ. ಧಾರಕದ ಮೌಲ್ಯವು ವ್ಯತ್ಯಾಸಗೊಳ್ಳುತ್ತದೆ. ಅದರ ಆಂತರಿಕ ರೋಧವು ಏರುತ್ತದೆ. 4 ಓಮ್‌ಗಳ ಘಟಕಕ್ಕೆ ಸರಣಿಯಲ್ಲಿರುವ ಧಾರಕವೊಂದು 2 ಓಮ್‌ಗಳ ರೋಧವನ್ನು ಬೆಳೆಸಿಕೊಂಡಿತೆಂದು ಇಟ್ಟುಕೊಳ್ಳೋಣ. ಧಾರಕವು ಪೂರ್ತಿಯಾಗಿ ದಾರಿಬಿಡಬೇಕಾದ ಕಂಪನಾಂಕಗಳಲ್ಲಿಯೂ ವಿದ್ಯುತ್ ಪ್ರವಾಹವು ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಘಟಕಕ್ಕೆ ದೊರೆಯುವ ಶಕ್ತಿಯು ಒಂಬತ್ತರಲ್ಲಿ ನಾಲ್ಕು ಪಾಲು ಮಾತ್ರ. ವೂಫರಿನ ಪಕ್ಕದ ಧಾರಕವು ದುರ್ಬಲವಾದರೆ ದೋಷವು ಬೇರೆ ರೀತಿಯದು: ತಡೆಯಬೇಕಾಗಿದ್ದ ನಾದವು ವೂಫರಿನಿಂದ ಹೊರಟು, ಮಧ್ಯಮ ಘಟಕದ ನಾದದೊಡನೆ ಕಲಸಿಕೊಳ್ಳುತ್ತದೆ.

ಹಾಗೆಂದು ಎಲ್ಲ ದೋಷಗಳನ್ನೂ ಧಾರಕದ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಎ.ಆರ್.-3ಎ ಪೆಟ್ಟಿಗೆಯ ಹಿಂಬದಿಯಲ್ಲಿ ಮಧ್ಯಮ ಮತ್ತು ತಾರನಾದಗಳ ಪ್ರಮಾಣವನ್ನು ಹೊಂದಿಸುವ ಎರಡು ನಿಯಂತ್ರಕಗಳಿವೆ. ಅವು ಕಿಲುಬು ಹಿಡಿದರೂ ನಾದವು ಹಾಗೆಯೇ ಮಂಕಾಗುತ್ತದೆ. ಆದುದರಿಂದ ಪರೀಕ್ಷೆಯಿಲ್ಲದೆ ನಿರ್ಣಯ ಸಲ್ಲದು. ಧಾರಕದ ಒಂದು ತುದಿಯನ್ನು ಬೆಸುಗೆಯಿಂದ ಬಿಡಿಸಿ ಅದರ ಮೌಲ್ಯವನ್ನೂ ಆಂತರಿಕ ರೋಧವನ್ನೂ ಅಳೆಯಬೇಕು. ಮೌಲ್ಯವು ನಮೂದಿಸಿದುದಕ್ಕಿಂತ ಅಧಿಕವಾಗಿ ಕಂಡರೆ ಅದು ಆರೋಗ್ಯದ ಲಕ್ಷಣವೆಂದು ತಿಳಿಯಬಾರದು. ಒಳಗಿನ ಸೋರಿಕೆಯೂ ಮಾಪಕವನ್ನು ಹಾಗೆ ಮೋಸಗೊಳಿಸಬಲ್ಲದು.

4

ಹೊಸ ಧಾರಕವನ್ನು ಹಾಕುವಾಗ ಎರಡು ಮಾರ್ಗಗಳಿವೆ. ನಿರ್ಮಾಪಕನು ಉದ್ದೇಶಿಸಿದ ಮೌಲ್ಯಗಳನ್ನು ಮರಳಿ ತರುವುದು ಒಂದು. ಅವನಿಗೆ ಸುಲಭವಾಗಿ ದೊರೆಯದಿದ್ದ ಉತ್ತಮ ಭಾಗಗಳಿಂದ ಯಂತ್ರವನ್ನು ‘ಮೇಲ್ಮಟ್ಟಕ್ಕೆ’ ಏರಿಸುವುದು ಇನ್ನೊಂದು. ಎರಡನೆಯದಕ್ಕೆ ಹೆಚ್ಚಾಗಿ ಬಳಸುವುದು ಪಾಲಿಪ್ರೊಪಿಲೀನ್ ಪೊರೆಯ ಧಾರಕಗಳನ್ನು. ಇವುಗಳಲ್ಲಿ ಒಣಗುವ ದ್ರವವಿಲ್ಲ, ಶಕ್ತಿನಷ್ಟವೂ ಅತ್ಯಲ್ಪ. ಆದರೆ ಈ ಗುಣವೇ ಒಂದು ತೊಡಕನ್ನು ತರುತ್ತದೆ. ಹೊಸದಾಗಿದ್ದಾಗಲೂ ಎಲೆಕ್ಟ್ರೊಲಿಟಿಕ್ ಧಾರಕದಲ್ಲಿ ಸ್ವಲ್ಪ ರೋಧವಿರುತ್ತದೆ. ನಷ್ಟವು ನೂರಕ್ಕೆ 5ರಷ್ಟೆಂದು ಇಟ್ಟುಕೊಂಡರೆ, 50 ಮೈಕ್ರೋಫ್ಯಾರಡ್ ಧಾರಕದಲ್ಲಿ 575 ಹರ್ಟ್ಸ್‌ಗೆ ಅದು ಸುಮಾರು 0.28 ಓಮ್. ನಿರ್ಮಾಪಕನು ಕಿವಿಯಿಂದಲೂ ಮಾಪಕದಿಂದಲೂ ಹೊಂದಿಸಿದ ಸಮತೋಲದಲ್ಲಿ ಈ ಅಲ್ಪಾಂಶವೂ ಸೇರಿದ್ದಿತು. ಅದನ್ನು ತೆಗೆದುಹಾಕಿದರೆ ನಾದವು ಕಿಂಚಿತ್ತಾದರೂ ಪ್ರಖರವಾಗಬಹುದು. ಆದುದರಿಂದಲೇ ಎಚ್ಚರಿಕೆಯುಳ್ಳವರು ಪೊರೆಯ ಧಾರಕದೊಡನೆ ಅಷ್ಟೇ ಬೆಲೆಯ ಸಣ್ಣ ರೋಧಕವನ್ನು ಸರಣಿಯಲ್ಲಿ ಸೇರಿಸುತ್ತಾರೆ.

150 ಮೈಕ್ರೋಫ್ಯಾರಡ್‌ಗಳ ಪೊರೆಯ ಧಾರಕವು ಗಾತ್ರದಲ್ಲಿಯೂ ಬೆಲೆಯಲ್ಲಿಯೂ ದೊಡ್ಡದು. ಆ ಸ್ಥಾನಕ್ಕೆ ಧ್ರುವರಹಿತವಾದ ಹೊಸ ಎಲೆಕ್ಟ್ರೊಲಿಟಿಕ್ ಧಾರಕವೇ ಸಾಲುತ್ತದೆ. ಇನ್ನು, ಒಂದೇ ಮೌಲ್ಯದ, ಒಂದೇ ರೋಧದ ಎರಡು ಪೊರೆಯ ಧಾರಕಗಳಲ್ಲಿ ದುಬಾರಿಯಾದುದೇ ಇಂಪೆಂಬ ಮಾತನ್ನು, ಒಳಗೆ ಯಾವುದಿದೆಯೆಂದು ಅರಿಯದ ಶ್ರೋತೃವಿನ ಮುಂದೆ ಪರೀಕ್ಷಿಸಿದ ಮೇಲೆಯೇ ಒಪ್ಪತಕ್ಕದ್ದು.

5

ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಪರಿಚಿತವಾದ ಸಮಸ್ಯೆಯೇ ಎದುರಾಗುತ್ತದೆ. ಧ್ವನಿವರ್ಧಕವು ವಸ್ತುವೂ ಹೌದು, ನಾದವೂ ಹೌದು. ಮೂಲ ಧಾರಕವನ್ನು ಉಳಿಸಿದರೆ ವಸ್ತು ಉಳಿಯುತ್ತದೆ, ನಾದ ಅಳಿಯುತ್ತದೆ. ಬದಲಿಸಿದರೆ ನಾದ ಮರಳುತ್ತದೆ, ವಸ್ತುವಿನ ಸಾಕ್ಷ್ಯ ಕುಂದುತ್ತದೆ. ಮುಟ್ಟದೆ ಬಿಟ್ಟುದೇ ಪ್ರಾಮಾಣಿಕವಾದುದೆಂಬ ನಂಬಿಕೆಯು ಇಲ್ಲಿ ಪೂರ್ತಿಯಾಗಿ ನಿಲ್ಲುವುದಿಲ್ಲ; ಏಕೆಂದರೆ ಕಾಲವೇ ಅದನ್ನು ಮುಟ್ಟಿಬಿಟ್ಟಿರುತ್ತದೆ. ಸುಣ್ಣ ಬಳಿದ ಶಾಸನವನ್ನು ನೋಡಿ, ಅದರ ಬಿಳುಪನ್ನೇ ಕೆತ್ತಿಸಿದವನ ಅಭಿರುಚಿಯೆಂದು ಬರೆಯುವ ವಿದ್ವಾಂಸನಿಲ್ಲ.

ಆದುದರಿಂದ ಕೇಳುವುದಕ್ಕಾಗಿ ಇಟ್ಟುಕೊಂಡ ಯಂತ್ರದಲ್ಲಿ ಮೌಲ್ಯಗಳನ್ನು ಮೂಲಸ್ಥಿತಿಗೆ ತರುವುದು ಯುಕ್ತ. ಪ್ರದರ್ಶನಕ್ಕಾಗಿ ಮಾತ್ರ ಉಳಿದ ಯಂತ್ರವನ್ನು ಹಾಗೆಯೇ ಬಿಡುವುದು ಯುಕ್ತ. ಒಂದೇ ಮಾದರಿಯಲ್ಲಿಯೂ ತಯಾರಿಕೆಯ ವರ್ಷಕ್ಕನುಗುಣವಾಗಿ ಭಾಗಗಳು ಭಿನ್ನವಾಗಿದ್ದುದುಂಟು. ಹಸ್ತಪ್ರತಿಗಳ ಪಾಠಾಂತರದಂತಹ ಈ ಭೇದವನ್ನು ಮನಗಂಡು, ಆಯಾ ಪೆಟ್ಟಿಗೆಯ ಮೇಲಿನ ಗುರುತುಗಳನ್ನೇ ಮೊದಲು ಓದಬೇಕು. ಎಡ ಬಲಗಳೆರಡನ್ನೂ ಒಟ್ಟಿಗೆ ಸರಿಪಡಿಸಬೇಕು. ತೆಗೆದ ಧಾರಕವನ್ನು ಎಸೆಯದೆ, ಅದರ ಅಳತೆ, ದಿನಾಂಕ ಮತ್ತು ಹೊಸ ಭಾಗದ ವಿವರಗಳನ್ನು ಬರೆದಿಟ್ಟು ಪೆಟ್ಟಿಗೆಯೊಡನೆಯೇ ಕಾಪಾಡಬೇಕು. ಮುಂದಿನ ಸಂಶೋಧಕನು ಆ ನಾದವನ್ನು ಆಧಾರವಾಗಿ ಬಳಸುವಾಗ, ಅದರಲ್ಲಿ 1967ರದು ಎಷ್ಟು, ನಮ್ಮದು ಎಷ್ಟು ಎಂಬುದನ್ನು ಬಿಡಿಸಿ ನೋಡಲು ಆ ಬರವಣಿಗೆಯೊಂದೇ ಅವನಿಗೆ ಸಾಧನ.