ಕಾಫಿ ಕ್ಯಾಪ್ಸೂಲಿಗೆ ಮರದ ಸ್ಟ್ಯಾಂಡ್: ರೌಟರ್ ಹಿಡಿಯುವ ಮುನ್ನ ತಿಳಿಯಬೇಕಾದ ಲೆಕ್ಕ



ಸ್ವಸಹಾಯ ಸಂಘ ಎಂದ ಕೂಡಲೇ ಉಪ್ಪಿನಕಾಯಿ, ಹಪ್ಪಳ, ಫಿನಾಯಿಲ್, ಹೊಲಿಗೆ ಇವೇ ನೆನಪಿಗೆ ಬರುತ್ತವೆ. ಮರಗೆಲಸ ಗಂಡಸರದ್ದು ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಆದರೆ ಸಣ್ಣ ಮರದ ಸಾಮಾನಿಗೆ ಬೇಕಾದದ್ದು ತೋಳ್ಬಲ ಅಲ್ಲ. ಅಳತೆ, ತಾಳ್ಮೆ, ಎಚ್ಚರ. ಈ ಮೂರೂ ನಮ್ಮ ಹೆಣ್ಣುಮಕ್ಕಳಲ್ಲಿ ಬೇಕಾದಷ್ಟಿವೆ.

ಕಳೆದ ವರ್ಷ ಒಂದು ಸಂಘದವರು ಕ್ಯಾಪ್ಸೂಲ್ ಇಡುವ 20 ಸ್ಟ್ಯಾಂಡುಗಳಿಗೆ ಆರ್ಡರ್ ಹಿಡಿದರು. ಸಂಘದಿಂದಲೇ ಆಂತರಿಕ ಸಾಲ ತೆಗೆದು ಮರ ತಂದರು. ಎಲ್ಲ ತೂತು ಕೊರೆದು, ಉಜ್ಜಿ, ಕೊನೆಗೆ ಕ್ಯಾಪ್ಸೂಲ್ ಇಟ್ಟು ನೋಡಿದರೆ ಒಂದೂ ಒಳಗೆ ಇಳಿಯಲಿಲ್ಲ! ಎಲ್ಲ ತೂತೂ 4 ಮಿ.ಮೀ. ಚಿಕ್ಕದು. ತಪ್ಪು ಅವರದ್ದಲ್ಲ. ಮಿಷನ್ ಓಡಿಸುವುದನ್ನು ಕಲಿಸಿ, ಅದರ ಹಿಂದಿನ ಲೆಕ್ಕ ಕಲಿಸದೆ ಬಿಟ್ಟದ್ದು ನಾವು. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಕ್ಯಾಪ್ಸೂಲ್ ಅಂದರೇನು?

ನಮ್ಮಲ್ಲಿ ಫಿಲ್ಟರಿಗೆ ಪುಡಿ ಹಾಕಿ ಡಿಕಾಕ್ಷನ್ ಇಳಿಸುತ್ತೇವೆ. ಸ್ವಿಟ್ಜರ್ಲೆಂಡಿನ ನೆಸ್ಲೆ ಕಂಪನಿಯಲ್ಲಿ ಎರಿಕ್ ಫಾವ್ರ್ ಎಂಬ ಇಂಜಿನಿಯರ್ 1970ರ ದಶಕದಲ್ಲಿ ಬೇರೆ ದಾರಿ ಹುಡುಕಿದರು. ಸುಮಾರು 5 ಗ್ರಾಂ ಪುಡಿಯನ್ನು ಪುಟ್ಟ ಬಟ್ಟಲಿನಂಥ ಡಬ್ಬಿಯಲ್ಲಿ ತುಂಬಿ ಸೀಲ್ ಮಾಡುವುದು. ಮಿಷನ್ ಅದನ್ನು ಚುಚ್ಚಿ ಒತ್ತಡದಲ್ಲಿ ಬಿಸಿನೀರು ಹಾಯಿಸುವುದು. 1986ರಲ್ಲಿ ನೆಸ್ಪ್ರೆಸೊ ಹೆಸರಿನಲ್ಲಿ ಮಾರಾಟ ಶುರುವಾಯಿತು. ಈಗ ಬೇರೆ ಕಂಪನಿಗಳೂ ಅದೇ ಮಿಷನ್ನಿಗೆ ಹೊಂದುವ ಕ್ಯಾಪ್ಸೂಲ್ ಮಾಡುತ್ತವೆ. ನಮ್ಮ ನಗರಗಳ ಕೆಲವು ಮನೆ, ಆಫೀಸುಗಳಿಗೂ ಇದು ಬಂದಿದೆ.

ಒಂದು ಪೆಟ್ಟಿಗೆ ತುಂಬ ಬಣ್ಣಬಣ್ಣದ ಕ್ಯಾಪ್ಸೂಲ್ ಇದ್ದರೆ ಬೇಕಾದ್ದು ಸಿಗುವುದಿಲ್ಲ. ಸಾಲಾಗಿ ನಿಲ್ಲಿಸುವ ಸ್ಟ್ಯಾಂಡ್ ಬೇಕಾಗುವುದು ಅದಕ್ಕೇ.

ಯಾವ ಮರ?

ಭಾರತದ ಕಾಫಿಯಲ್ಲಿ ಸುಮಾರು 70 ಭಾಗ ನಮ್ಮ ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿಗಿಡಕ್ಕೆ ನೆರಳು ಕೊಡುವ ಸಿಲ್ವರ್ ಓಕ್ ಮರ ಎಲ್ಲರಿಗೂ ಗೊತ್ತು. ಅದರ ಹಲಗೆ ಈ ಕೆಲಸಕ್ಕೆ ಒಳ್ಳೆಯದು. ಹಲಸೂ ಆಗುತ್ತದೆ. ಹಸಿ ಮರ ಮಾತ್ರ ಬೇಡ. ಒಣಗುವಾಗ ಹಲಗೆ ಸೊಟ್ಟಗಾಗಿ ತೂತಿನ ಆಕಾರವೂ ಕೆಡುತ್ತದೆ. ಮರದ ಡಿಪೋದಿಂದ ತಂದರೆ ಬಿಲ್ ಕೇಳಿ ಪಡೆಯಿರಿ.

ಅಳತೆ

ಕ್ಯಾಪ್ಸೂಲಿಗೆ ಅಂಚು ಇದೆ, ಒಡಲು ಇದೆ. ಹಳೆಯ ಮಾದರಿಯ ನೆಸ್ಪ್ರೆಸೊ ಕ್ಯಾಪ್ಸೂಲಿನ ಅಂಚಿನ ಅಗಲ ಸುಮಾರು 37 ಮಿ.ಮೀ., ಅಂಚಿನ ಕೆಳಗೆ ಒಡಲು ಸುಮಾರು 30 ಮಿ.ಮೀ. ತೂತು ಇವೆರಡರ ನಡುವೆ ಇರಬೇಕು. ಆಗ ಒಡಲು ಒಳಗೆ ಇಳಿದು ಅಂಚು ಮೇಲೆ ಕೂರುತ್ತದೆ. ನಾವು 31 ಮಿ.ಮೀ. ಇಟ್ಟುಕೊಳ್ಳೋಣ. ಬೇರೆ ಮಾದರಿಗಳ ಗಾತ್ರ ಬೇರೆ. ಆದ್ದರಿಂದ ಗಿರಾಕಿಯಿಂದ ಒಂದು ಕ್ಯಾಪ್ಸೂಲ್ ಇಸಕೊಂಡು ಅಳೆಯದೆ ಮರಕ್ಕೆ ಕೈ ಹಾಕಬೇಡಿ.

ಹತ್ತು ಕ್ಯಾಪ್ಸೂಲಿಗೆ 18 ಮಿ.ಮೀ. ದಪ್ಪದ ಹಲಗೆ, ಐದೈದರ ಎರಡು ಸಾಲು. ತೂತಿನ ನಡುವಿನಿಂದ ನಡುವಿಗೆ 45 ಮಿ.ಮೀ., ಹಲಗೆಯ ಅಂಚಿಗೆ 30 ಮಿ.ಮೀ. ಬಿಟ್ಟರೆ ಉದ್ದ 240, ಅಗಲ 105 ಮಿ.ಮೀ. ಆಗುತ್ತದೆ.

ರೌಟರ್ ಹೇಗೆ ಕೆಲಸ ಮಾಡುತ್ತದೆ?

ಡ್ರಿಲ್ ಕೆಳಕ್ಕೆ ಮಾತ್ರ ಕೊರೆಯುತ್ತದೆ. ರೌಟರಿನ ಬಿಟ್ ನಿಮಿಷಕ್ಕೆ 10,000ದಿಂದ 30,000 ಸುತ್ತು ತಿರುಗುತ್ತಾ ಪಕ್ಕಕ್ಕೂ ಕತ್ತರಿಸುತ್ತದೆ. ಬರಿಗೈ ಅಂದಾಜಿನಲ್ಲಿ ಹತ್ತು ತೂತು ಒಂದೇ ಸಮ ಬರುವುದಿಲ್ಲ. ಅದಕ್ಕೆ 9 ಮಿ.ಮೀ. ಪ್ಲೈವುಡ್ಡಿನಲ್ಲಿ ಟೆಂಪ್ಲೇಟ್ ಮಾಡುತ್ತೇವೆ. ನಾವು ಅಚ್ಚುಹಲಗೆ ಅನ್ನೋಣ. ರೌಟರಿನ ತಳಕ್ಕೆ ಗೈಡ್ ಬುಷ್ ಎಂಬ ಉಂಗುರ ಸಿಕ್ಕಿಸಿದರೆ ಅದು ಅಚ್ಚಿನ ಅಂಚನ್ನು ತಾಗಿಕೊಂಡೇ ಸುತ್ತುತ್ತದೆ. ಉಂಗುರದ ನಡುವೆ ಬಿಟ್ ಇರುತ್ತದೆ.

ಎಡವಿದ್ದು ಇಲ್ಲೇ. ಬುಷ್ ಬಿಟ್‌ಗಿಂತ ದಪ್ಪ. ಹಾಗಾಗಿ ಕೊರೆದ ತೂತು ಅಚ್ಚಿನ ತೂತಿಗಿಂತ ಚಿಕ್ಕದಾಗಿಯೇ ಬರುತ್ತದೆ. ಲೆಕ್ಕ ಹೀಗೆ:

ಅಚ್ಚಿನ ತೂತು = ಬೇಕಾದ ತೂತು + ಬುಷ್ಷಿನ ಹೊರ ಅಗಲ − ಬಿಟ್ಟಿನ ಅಗಲ

ಬುಷ್ 10 ಮಿ.ಮೀ., ಬಿಟ್ 6 ಮಿ.ಮೀ. ಆದರೆ 31 + 10 − 6 = 35 ಮಿ.ಮೀ. ಆ ಸಂಘದವರು ಅಚ್ಚಿನಲ್ಲೇ 31 ಕೊರೆದಿದ್ದರು, ಬಂದದ್ದು 27. ಕಬೋರ್ಡ್ ಬಾಗಿಲಿನ ಹಿಂಜ್ ಕೂರಿಸುವ 35 ಮಿ.ಮೀ. ಬಿಟ್ ಬಡಗಿಗಳ ಹತ್ತಿರ ಸಾಮಾನ್ಯವಾಗಿ ಇರುತ್ತದೆ. ಅಚ್ಚು ಕೊರೆಯಲು ಅದೇ ಸಾಕು.

ಕೆಲಸದ ಕ್ರಮ

1. ಹಲಗೆಯನ್ನು ಮೊದಲೇ 240ಕ್ಕೆ ತುಂಡು ಮಾಡಬೇಡಿ. ಕ್ಲಾಂಪ್ ಹಾಕಲು ಎರಡೂ ತುದಿಯಲ್ಲಿ ಜಾಗ ಬೇಕು. ಅಚ್ಚನ್ನೂ ಅಷ್ಟೇ ಉದ್ದ ಮಾಡಿಕೊಳ್ಳಿ.

2. ಕೆಳಗೆ ಒಂದು ಹಳೆಯ ಹಲಗೆ, ಅದರ ಮೇಲೆ ನಮ್ಮ ಹಲಗೆ. ತೂತಿನ ನಡುವನ್ನು ಗುರುತು ಮಾಡಿ, ಡ್ರಿಲ್‌ನಿಂದ 25 ಮಿ.ಮೀ. ತೂತು ಕೊರೆಯಿರಿ. ಇದನ್ನು ಬಿಟ್ಟರೆ ರೌಟರ್ ಸುತ್ತಿದಾಗ ನಡುವಿನ ಬಿಲ್ಲೆ ಸಡಿಲವಾಗಿ ಬಿಟ್‌ಗೆ ಸಿಕ್ಕಿ ಸಿಡಿಯಬಹುದು.

3. ಮೇಲೆ ಅಚ್ಚು ಇಟ್ಟು, ಮೂರನ್ನೂ ಮೇಜಿಗೆ ಭದ್ರವಾಗಿ ಕ್ಲಾಂಪ್ ಮಾಡಿ. ಬುಷ್ಷಿನ ಕೊಳವೆ ಅಚ್ಚಿನ ದಪ್ಪಕ್ಕಿಂತ ಗಿಡ್ಡ ಇರಬೇಕು, ಇಲ್ಲವಾದರೆ ಹಲಗೆಗೆ ತಾಗುತ್ತದೆ.

4. ಪ್ಲಗ್ ಕಿತ್ತ ಮೇಲೆಯೇ ಬಿಟ್ ಹಾಕಿ. ಬಿಟ್ಟಿನ ಕಾಲಿನ ಮುಕ್ಕಾಲು ಭಾಗವಾದರೂ ಒಳಗಿರಲಿ. ಅಚ್ಚು, ಹಲಗೆ ಎರಡನ್ನೂ ದಾಟುವಷ್ಟು ಉದ್ದದ ಬಿಟ್ ತನ್ನಿ. 6 ಮಿ.ಮೀ. ಕಾಲನ್ನು ಕಾಲು ಇಂಚಿನ ಹಿಡಿಗೆ ಹಾಕಬೇಡಿ. ನೋಡಲು ಒಂದೇ ಥರ, ಆದರೆ ಜಾರುತ್ತದೆ.

5. ಒಂದು ಸಲಕ್ಕೆ 4 ಮಿ.ಮೀ. ಮಾತ್ರ ಇಳಿಸಿ, ಐದು ಸಲ ಸುತ್ತಿ. ತೂತಿನ ಒಳಗೆ ಗಡಿಯಾರದ ಮುಳ್ಳು ತಿರುಗುವ ದಿಕ್ಕು. ಹಲಗೆಯ ಹೊರ ಅಂಚು ಉರುಟು ಮಾಡುವಾಗ ಅದಕ್ಕೆ ವಿರುದ್ಧ ದಿಕ್ಕು. ತಪ್ಪು ದಿಕ್ಕಿನಲ್ಲಿ ಹೋದರೆ ಮಿಷನ್ ತಾನಾಗಿ ಮುಂದಕ್ಕೆ ಓಡುತ್ತದೆ.

6. ಮೊದಲ ತೂತನ್ನು ತ್ಯಾಜ್ಯ ಮರದಲ್ಲಿ ಮಾಡಿ, ಕ್ಯಾಪ್ಸೂಲ್ ಇಟ್ಟು ನೋಡಿ. ತೂತು ಚಿಕ್ಕದಾದರೆ ದೊಡ್ಡದು ಮಾಡಬಹುದು. ದೊಡ್ಡದಾದರೆ ಆ ಮರ ಒಲೆಗೇ.

7. ಅಳತೆಗೆ ಕತ್ತರಿಸಿ, ಮರಳು ಕಾಗದದಿಂದ ಉಜ್ಜಿ. ಎರಡೂ ತುದಿಯ ಕೆಳಗೆ 12 ಮಿ.ಮೀ. ದಪ್ಪ, 20 ಮಿ.ಮೀ. ಎತ್ತರದ ಪಟ್ಟಿಯನ್ನು ಕಾಲಾಗಿ ಅಂಟಿಸಿ. ಕ್ಯಾಪ್ಸೂಲ್ ಸುಮಾರು 11 ಮಿ.ಮೀ. ಕೆಳಗೆ ಇಳಿಯುವುದರಿಂದ ಈ ಎತ್ತರ ಸಾಕು.

8. ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ಒರೆಸಿ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಬಯಲಲ್ಲಿ ಹರಡಿ ಒಣಗಿಸಿ.

ಮೈಮೇಲೆ ಎಚ್ಚರ

"ಸಿಸ್ಟರ್, ಈ ಮಿಷನ್ ಬೆರಳು ತಿನ್ನುತ್ತಾ?" ಅಂತ ಒಬ್ಬ ಸದಸ್ಯೆ ಕೇಳಿದರು. ಹೌದು, ತಿನ್ನುತ್ತದೆ. ಸೆರಗು, ದುಪಟ್ಟಾ, ಬಳೆ, ಉದ್ದ ಸರ, ಬಿಟ್ಟ ಜಡೆ ಯಾವುದೂ ಬೇಡ. ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ಮೇಲೆ ಏಪ್ರನ್ ಕಟ್ಟಿ. ಕೈಗವಸೂ ಬೇಡ, ಬಿಟ್‌ಗೆ ಸಿಕ್ಕಿದರೆ ಕೈಯನ್ನೇ ಎಳೆಯುತ್ತದೆ. ಎರಡೂ ಕೈ ಹಿಡಿಯ ಮೇಲೇ ಇರಲಿ. ಕಣ್ಣಿಗೆ ಕನ್ನಡಕ, ಕಿವಿಗೆ ಪ್ಲಗ್, ಮೂಗಿಗೆ ಮಾಸ್ಕ್ ಕಡ್ಡಾಯ. ಮರದ ಹುಡಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗುರುತಿಸಿದೆ. ಅಡುಗೆಮನೆ ಪಕ್ಕ, ಮಕ್ಕಳು ಮಲಗುವ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ.

ಬೆಲೆ ಹೇಗೆ ಕಟ್ಟಬೇಕು?

ಲೆಕ್ಕ ತಿಳಿಯಲು ಒಂದು ಉದಾಹರಣೆ. ನಿಮ್ಮ ಊರಿನ ದರ ನೀವೇ ಹಾಕಿ. ಮರ 60 ರೂ., ಮರಳು ಕಾಗದ, ಅಂಟು, ಎಣ್ಣೆ 25 ರೂ., ಕರೆಂಟು 5 ರೂ. ಮಿಷನ್ 6,000 ರೂ. ಆಗಿ 300 ಸ್ಟ್ಯಾಂಡಿಗೆ ಹಂಚಿದರೆ ಒಂದಕ್ಕೆ 20 ರೂ. ಒಂದೂವರೆ ಗಂಟೆ ಕೂಲಿ, ಗಂಟೆಗೆ 60ರಂತೆ 90 ರೂ. ಒಟ್ಟು 200 ರೂ. ಇದಕ್ಕಿಂತ ಕಡಿಮೆಗೆ ಕೊಟ್ಟರೆ ನಷ್ಟ. ಲಾಭ ಇದರ ಮೇಲೆ. "ನಮ್ಮ ಕೂಲಿ ಏನು ಮಹಾ, ಮನೆಯಲ್ಲೇ ಇರ್ತೀವಲ್ಲ" ಅಂತ ಆ 90 ರೂಪಾಯಿ ಬಿಟ್ಟುಬಿಡುವವರೇ ನಮ್ಮಲ್ಲಿ ಹೆಚ್ಚು. ದಯವಿಟ್ಟು ಬಿಡಬೇಡಿ. ನಿಮ್ಮ ಹೊತ್ತಿಗೂ ಬೆಲೆಯಿದೆ.

ಇನ್ನೊಂದು ಮಾತು. ಇದನ್ನು ಕೊಳ್ಳುವವರು ಕ್ಯಾಪ್ಸೂಲ್ ಮಿಷನ್ ಇರುವವರು ಮಾತ್ರ. ಮುಂಗಡ ಸಹಿತ ಆರ್ಡರ್ ಇಲ್ಲದೆ ರಾಶಿ ಹಾಕಬೇಡಿ. ಮೊದಲು ಮಿಷನ್ ಬಾಡಿಗೆಗೆ ತಂದು ನಾಲ್ಕು ಸ್ಟ್ಯಾಂಡ್ ಮಾಡಿ ನೋಡಿ. ಆಮೇಲೆ ಸಭೆಯಲ್ಲಿ ಚರ್ಚಿಸಿ, ಠರಾವು ಬರೆದು ಸಾಲ ತೆಗೆಯಿರಿ. ಕಲಿತ ಕೈಗೆ ಲೋಟದ ಸ್ಟ್ಯಾಂಡ್, ಮಸಾಲೆ ಡಬ್ಬಿಯ ಹಲಗೆ ಕೂಡ ಇದೇ ಲೆಕ್ಕದಲ್ಲಿ ಬರುತ್ತದೆ.

ಆ ಸಂಘದ ಕಥೆ ಏನಾಯಿತು ಅಂತೀರಾ? 35ರ ಹೊಸ ಅಚ್ಚು ಮಾಡಿ, ಅದೇ ಹಲಗೆಗಳನ್ನು ಮತ್ತೆ ಕೊರೆದರು. ಮರ ಉಳಿಯಿತು. ಆದರೆ ಸಾಮಾನು ಒಂದು ವಾರ ತಡವಾಗಿ, ಆ ತಿಂಗಳ ಸಾಲದ ಕಂತು ತಪ್ಪಿತು. ಈಗ ಅವರ ಅಚ್ಚುಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ "35 ಕೊರೆದರೆ 31" ಎಂದು ಬರೆದಿಟ್ಟಿದ್ದಾರೆ. ನಿಮ್ಮ ಅಚ್ಚಿನ ಮೇಲೂ ನಿಮ್ಮ ಲೆಕ್ಕ ಬರೆದಿಡಿ.